ಮಾವನವರ ಬಿಸ್ಕತ್ತಿನ ಡಬ್ಬಿ

ಮಾವನವರು ಹೋಗಿ ಮೂರು ತಿಂಗಳಾದ ಮೇಲೆ ಅತ್ತೆ ಅವರ ಔಷಧಿ ಡಬ್ಬಿಯನ್ನು ನನ್ನ ಕೈಗಿಟ್ಟರು. ಹಳೆಯ ತಗಡಿನ ಬಿಸ್ಕತ್ತಿನ ಡಬ್ಬಿ. ಮುಚ್ಚಳ ಎಬ್ಬಿಸಲು ಚಮಚದ ಹಿಡಿಯೇ ಬೇಕು. ಒಳಗೆ ರಕ್ತದೊತ್ತಡದ ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಅರ್ಧಕ್ಕೇ ನಿಲ್ಲಿಸಿದ ಅಜಿತ್ರೊಮೈಸಿನ್ (ಹೇಳಿದಷ್ಟು ದಿನ ನುಂಗಿ ಮುಗಿಸಬೇಕಾದ ಆ್ಯಂಟಿಬಯೋಟಿಕ್, ಉಳಿಯಲೇಬಾರದಿತ್ತು), ತಳದಲ್ಲಿ ಸಕ್ಕರೆಗಟ್ಟಿದ ಕೆಮ್ಮಿನ ಸಿರಪ್ಪು. ಫ್ರಿಜ್ಜಿನ ಬಾಗಿಲಲ್ಲಿ ನಿಂಬೆಹಣ್ಣಿನ ಪಕ್ಕ ಎರಡು ಇನ್ಸುಲಿನ್ ಪೆನ್ನುಗಳು.

ಅವಧಿ ನೋಡೋಣವೆಂದರೆ ಎಷ್ಟೋ ಮಾತ್ರೆ ಪಟ್ಟಿಗಳಲ್ಲಿ ದಿನಾಂಕವೇ ಇಲ್ಲ. ಆರು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿಯಿಂದ ಕಚಕ್ಕೆಂದು ಕತ್ತರಿಸುತ್ತಾರೆ. ಹೆಸರಿನ ಕಡೆ ನಮಗೆ, ದಿನಾಂಕದ ಕಡೆ ಅವರಿಗೆ.

“ಎಲ್ಲವನ್ನೂ ಕಮೋಡಿಗೆ ಸುರಿದು ನೀರು ಬಿಡಮ್ಮ, ಪೀಡೆ ತೊಲಗಲಿ” ಎಂದರು ಅತ್ತೆ. ಮಗಳು ಚಿಕ್ಕವಳಿದ್ದಾಗ ಉಳಿದ ಸಿರಪ್ಪನ್ನೆಲ್ಲ ನಾನೂ ಸಿಂಕಿಗೇ ಸುರಿದವಳು. ಈಗ ಕೈ ಬರುವುದಿಲ್ಲ. ನಮ್ಮ ಮನೆ ಬೆಂಗಳೂರಿನ ಈಜಿಪುರದಲ್ಲಿ, ತವರು ಕೋಲಾರದ ನರಸಾಪುರದ ಹತ್ತಿರ. ಇಲ್ಲಿಯ ಕೊಳಚೆ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಅಲ್ಲಿ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಜಾಲಿ ಬೆಳೆದಿದ್ದ ನಮ್ಮ ಕೆರೆ ತುಂಬಿದ ದಿನ ಅಣ್ಣ ಫೋನಿನಲ್ಲಿ ಅತ್ತಿದ್ದ. ಈಗ ಅವನ ಕೊಳವೆಬಾವಿಯಲ್ಲಿ ನೀರಿದೆ, ಹೊಲದಲ್ಲಿ ಟೊಮೆಟೊ ಇದೆ. ಆ ಶುದ್ಧೀಕರಣ ಘಟಕಗಳನ್ನು ಕಟ್ಟಿದ್ದು ಕೊಳೆ ತೆಗೆಯಲು. ಕರಗಿದ ಮಾತ್ರೆ ಅವುಗಳ ಜರಡಿಗೆ ಪೂರ್ತಿ ಸಿಕ್ಕುವುದಿಲ್ಲ. ನುಂಗಿದ ಮೆಟ್‌ಫಾರ್ಮಿನ್ ಕೂಡ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಡಬ್ಬಿಗಟ್ಟಲೆ ಸುರಿಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಇದಕ್ಕೆ ಅಪವಾದವೂ ಇದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಿಗಳನ್ನು ಕಮೋಡಿಗೇ ಹಾಕಿ ನೀರು ಬಿಡಿ ಎಂದಿತು. ಫೆಂಟನಿಲ್, ಮಾರ್ಫಿನ್‌ನಂಥ ತೀವ್ರ ನೋವಿನ ಔಷಧಿಗಳು, ಮಗುವೊಂದು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ಮಾವನವರ ಡಬ್ಬಿಯಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಉಳಿದವುಗಳಿಗೆ ದಾರಿಯನ್ನು 2016ರ ಘನತ್ಯಾಜ್ಯ ನಿಯಮವೇ ತೋರಿಸಿತ್ತು: ಅವಧಿ ಮುಗಿದ ಔಷಧಿ ಮನೆಯ ಅಪಾಯಕಾರಿ ಕಸ, ಟ್ಯೂಬ್‌ಲೈಟು, ಬ್ಯಾಟರಿಗಳ ಸಾಲಿಗೆ ಸೇರಿದ್ದು. ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ.

ಭಾನುವಾರ ಬೆಳಿಗ್ಗೆ ನಾನೂ ಅತ್ತೆಯೂ ಕುಳಿತು ಒಂದೊಂದೇ ಮಾತ್ರೆ ಒತ್ತಿ ತೆಗೆದೆವು. ಫಿಲ್ಟರಿನ ಕಾಫಿ ಚರಟದಲ್ಲಿ ಕಲಸಿ, ಯಾರೂ ಆಯ್ದುಕೊಳ್ಳದಂತೆ ಕವರಿನಲ್ಲಿ ಬಿಗಿದೆವು. ಸಿರಪ್ಪು ಬಾಟಲಿಯಲ್ಲೇ ಉಳಿಯಿತು. ಎಲ್ಲವನ್ನೂ ದಿನಪತ್ರಿಕೆಯಲ್ಲಿ ಸುತ್ತಿ ಕೆಂಪು ಸ್ಕೆಚ್ ಪೆನ್ನಿನಿಂದ ಗುರುತು ಹಾಕಿದೆ.

ಕಸದ ಆಟೋದವಳು ಪೊಟ್ಟಣವನ್ನು ತೂಗಿ ನೋಡಿದಳು. “ಸೂಜಿ ಇದೆಯಾ ಅಕ್ಕಾ?” ಹೆಬ್ಬೆರಳಿನ ಬುಡ ತೋರಿಸಿದಳು; ಹೋದ ವರ್ಷ ಯಾರದೋ ಹಸಿ ಕಸದಲ್ಲಿದ್ದ ಸೂಜಿ ಚುಚ್ಚಿದ ಜಾಗ. ಇನ್ಸುಲಿನ್ ಪೆನ್ನಿನ ಸೂಜಿಗಳನ್ನು ಗಟ್ಟಿ ಶಾಂಪೂ ಬಾಟಲಿಗೆ ಹಾಕಿ ಮುಚ್ಚಳಕ್ಕೆ ಟೇಪು ಸುತ್ತಿದ್ದೆ. ಅದನ್ನು ಅಲ್ಲಾಡಿಸಿ, ಸದ್ದು ಕೇಳಿ, ಆಟೋದ ಪಕ್ಕಕ್ಕೆ ಕಟ್ಟಿದ್ದ ಬೇರೆ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಅತ್ತೆಯ ರಕ್ತದೊತ್ತಡದ ಮಾತ್ರೆ ತರಲು ಹೋದೆ. ಮೂರು ತಿಂಗಳಿನದು ಒಟ್ಟಿಗೆ ಕೊಂಡರೆ ರಿಯಾಯಿತಿ ಎಂದರು. ಒಂದೇ ತಿಂಗಳಿನದು ಸಾಕು, ದಿನಾಂಕ ಇರುವ ಕಡೆಯಿಂದ ಕೊಡಿ ಎಂದೆ. ಅಂಗಡಿಯವರು ನನ್ನನ್ನೊಮ್ಮೆ, ಕತ್ತರಿಯನ್ನೊಮ್ಮೆ ನೋಡಿ, ತುಂಡು ಪಟ್ಟಿಯ ಬೆನ್ನಿಗೆ ಬಾಲ್‌ಪೆನ್ನಿನಿಂದ ತಿಂಗಳು, ವರ್ಷ ಬರೆದುಕೊಟ್ಟರು.