ಎತ್ತಿಕೊಟ್ಟವಳ ಲೆಕ್ಕ

ಆಗಸ್ಟ್ 11, 2024, ಭಾನುವಾರ

ಸಂಜೆ ಮಗಳ ಜೊತೆ ಕೂತು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ವಾಲಿಬಾಲ್ ಫೈನಲ್ ನೋಡಿದೆ. ಇಟಲಿ ಮೂರೇ ಸೆಟ್‌ನಲ್ಲಿ ಅಮೆರಿಕದ ಕಥೆ ಮುಗಿಸಿತು. ಜಪಾನ್ ಈ ಸಲ ಕ್ವಾರ್ಟರ್ ಫೈನಲ್‌ವರೆಗೂ ಬರಲಿಲ್ಲ. ನನಗೆ ಮಾತ್ರ ಬೆಳಗ್ಗೆಯಿಂದಲೂ ಇನ್ನೊಂದು ಆಗಸ್ಟ್ 11ರದೇ ಗುಂಗು. 2012, ಲಂಡನ್. ಕೊರಿಯಾವನ್ನು 25-22, 26-24, 25-21ರಿಂದ ಸೋಲಿಸಿ ಜಪಾನಿನ ಹೆಣ್ಣುಮಕ್ಕಳು ಕಂಚು ಗೆದ್ದ ದಿನ. ಅದರ ಹಿಂದಿನ ಪದಕ ಬಂದು ಆಗಲೇ 28 ವರ್ಷ ಆಗಿತ್ತು.

ಆ ತಂಡದ ಸೆಟ್ಟರ್, ಅಂದರೆ ಹೊಡೆಯುವವರಿಗೆ ಬಾಲ್ ಎತ್ತಿಕೊಡುವವಳು, ಯೋಶಿಯೆ ತಾಕೆಶಿತಾ. ಮೂರನೇ ನಂಬರಿನ ಜೆರ್ಸಿ, ಎತ್ತರ 159 ಸೆಂಟಿಮೀಟರ್. ಹೆಂಗಸರ ವಾಲಿಬಾಲ್ ನೆಟ್ ಇರುವುದು 224 ಸೆಂಟಿಮೀಟರ್ ಮೇಲೆ. ಸರದಿ ತಿರುಗಿ ಆಕೆ ನೆಟ್ ಮುಂದೆ ಬಂದಾಗಲೆಲ್ಲ ಎದುರಾಳಿಗಳು ಬೇಕೆಂದೇ ಆಕೆಯ ತಲೆಯ ಮೇಲಿಂದ ಹೊಡೆಯುತ್ತಿದ್ದರು. ಆ ನಷ್ಟವನ್ನು ಆಕೆ ಕೈಚಳಕದಲ್ಲಿ ತುಂಬಿಕೊಡಬೇಕಿತ್ತು, ಪ್ರತಿ ಪಂದ್ಯದಲ್ಲೂ.

ಹೈಸ್ಕೂಲಿನಲ್ಲಿ ನಾನೂ ಸೆಟ್ಟರ್ ಆಗಬೇಕೆಂದು ಆಸೆಪಟ್ಟವಳು. "ನಿನ್ನ ಎತ್ತರಕ್ಕೆ ಆಗಲ್ಲಮ್ಮ, ಸ್ಕೋರ್ ಬರ್ಕೊಂಡು ಕೂತ್ಕೋ" ಅಂದರು ಪಿ.ಟಿ. ಮೇಷ್ಟ್ರು. ಮೂರು ವರ್ಷ ಬರೆದೆ. ಆ ನೋಟ್‌ಬುಕ್ಕಿನಲ್ಲಿ ಬಾಲ್ ಹೊಡೆದವಳ ಹೆಸರಿಗೆ ಜಾಗ ಇತ್ತು, ಎತ್ತಿಕೊಟ್ಟವಳಿಗೆ ಇರಲಿಲ್ಲ. ತಾಕೆಶಿತಾ ಅಂದರೆ ನನಗೆ ಜೀವ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ.

2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಜಪಾನ್ ಅರ್ಹತೆಯನ್ನೇ ಪಡೆಯಲಿಲ್ಲ. 1964 ಮತ್ತು 1976ರಲ್ಲಿ ಚಿನ್ನ ಗೆದ್ದ ದೇಶ ಅದು. ಅರ್ಹತಾ ಪಂದ್ಯಗಳಲ್ಲಿ ಸೋತು ಮನೆಯಲ್ಲೇ ಉಳಿದದ್ದು ಅದೇ ಮೊದಲು. ಇಷ್ಟು ಗಿಡ್ಡ ಸೆಟ್ಟರ್‌ನ ಇಟ್ಟುಕೊಂಡರೆ ಇನ್ನೇನಾಗುತ್ತೆ ಅಂದರು ಜನ. 2002ರಲ್ಲಿ ಆಕೆ ಎನ್‌ಇಸಿ ತಂಡ ಬಿಟ್ಟು, ಆಟವನ್ನೂ ಬಿಟ್ಟು, ಸರ್ಕಾರದ ಉದ್ಯೋಗ ಕಚೇರಿಗೆ ಕೆಲಸ ಹುಡುಕಿಕೊಂಡು ಹೋದರು. ಆಗ 24 ವಯಸ್ಸು. ನನ್ನ ಮನಸ್ಸು ಪದೇ ಪದೇ ಹೋಗಿ ನಿಲ್ಲುವುದು ಅಲ್ಲೇ. ದೇಶಕ್ಕೆ ಆಡಿದ ಕೈಯಲ್ಲಿ ಕೆಲಸದ ಅರ್ಜಿ.

ಕೆಳಗಿನ ದರ್ಜೆಯ ಲೀಗ್‌ನಲ್ಲಿದ್ದ ಜೆಟಿ ತಂಡದವರು ಬಂದು ಕರೆದರು. ಅದೇ ವರ್ಷ ಮತ್ತೆ ಅಂಗಳಕ್ಕೆ ಇಳಿದರು, ಹತ್ತು ವರ್ಷ ಅಲ್ಲೇ ಆಡಿದರು. ಅಥೆನ್ಸ್, ಬೀಜಿಂಗ್ ಎರಡೂ ಒಲಿಂಪಿಕ್ಸ್‌ನಲ್ಲಿ ಜಪಾನ್ ಐದನೇ ಸ್ಥಾನ. 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರನೇ ಸ್ಥಾನಕ್ಕೆ ಬಂದ ತಂಡದ ಈ ಸೆಟ್ಟರ್‌ಗೆ ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ! ಆತಿಥೇಯ ದೇಶದವಳು ಅಂತ ಕೊಟ್ಟರು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಅವತ್ತಾದರೂ ಎತ್ತಿಕೊಟ್ಟ ಕೈಯನ್ನು ಯಾರೋ ಲೆಕ್ಕಕ್ಕೆ ತಗೊಂಡರು.

ಫೈನಲ್ ಮುಗಿದ ಮೇಲೆ ಮಗಳಿಗೆ ಲಂಡನ್‌ನ ಜಪಾನ್–ಚೀನಾ ಕ್ವಾರ್ಟರ್ ಫೈನಲ್ ಹಾಕಿದೆ. 28-26, 23-25, 25-23, 23-25, 18-16. ಐದಕ್ಕೆ ಐದು ಸೆಟ್ಟೂ ಎರಡೆರಡೇ ಪಾಯಿಂಟ್ ಅಂತರ. ಒಟ್ಟು ಕೂಡಿದರೆ 117ಕ್ಕೆ 115. ಜಪಾನಿನ ಸಾವೊರಿ ಕಿಮುರಾ 33 ಪಾಯಿಂಟ್ ಹೊಡೆದರು, ಯುಕಿಕೊ ಎಬಾಟಾ 33 ಹೊಡೆದರು.

"ಅಮ್ಮಾ, ನಿನ್ನ ತಾಕೆಶಿತಾ ಎಷ್ಟು ಹೊಡೆದ್ಲು?"

"ಹೊಡೆದವರನ್ನ ಬಿಡು, ಬಾಲ್ ಎಲ್ಲಿಂದ ಬಂತು ಅಂತ ನೋಡು" ಅಂದೆ.

ಆಮೇಲೆ ಅವಳು ಸುಮ್ಮನಾಗಿ ನೋಡತೊಡಗಿದಳು. ಜೊತೆಯವರಿಂದ ಕೆಟ್ಟದಾಗಿ ಬಂದ ಬಾಲಿನ ಕೆಳಗೆ ತಾಕೆಶಿತಾ ಓಡಿ, ನೆಗೆದು, ಬೆರಳ ತುದಿಯಲ್ಲಿ ತಳ್ಳಿದರೆ ಬಾಲ್ ಅಂಗಳದ ಆ ತುದಿಗೆ ಹೋಗುತ್ತದೆ. ಮುಖದಲ್ಲಿ ಏನೂ ಕಾಣುವುದಿಲ್ಲ. ಐದನೇ ಸೆಟ್‌ನಲ್ಲಿ ಮಗಳೇ ವಿಡಿಯೊ ನಿಲ್ಲಿಸಿ ಕೇಳಿದಳು, "ಆ ಎಡಗೈಗೆ ಟೇಪ್ ಯಾಕೆ?"

ತೋರುಬೆರಳು ಮುರಿದಿತ್ತು. ಒಲಿಂಪಿಕ್ಸ್‌ಗೆ ಮುಂಚೆ, ಅಭ್ಯಾಸದಲ್ಲಿ. ಹೊರಗಿನವರಿಗೆ ಗೊತ್ತಾದದ್ದು ಕಂಚು ಕೊರಳಿಗೆ ಬಿದ್ದ ಮೇಲೆ. ಸೆಟ್ಟರ್‌ಗೆ ಬೆರಳೇ ಬಂಡವಾಳ. ಪ್ರತಿ ಬಾಲೂ ಮೊದಲು ತಾಗುವುದು ಅಲ್ಲಿಗೇ.

ಆಕೆ 2013ರಲ್ಲಿ ನಿವೃತ್ತಿ ಘೋಷಿಸಿದರು. ಆಮೇಲೆ ಹಿಮೇಜಿ ಊರಿನಲ್ಲಿ ಹೊಸದಾಗಿ ಕಟ್ಟಿದ ವಿಕ್ಟೋರಿನಾ ತಂಡಕ್ಕೆ ಮೊದಲ ಕೋಚ್ ಆದರು.

ಈಗ ರಾತ್ರಿ ಹತ್ತೂವರೆ. ಮಗಳು ಇನ್ನೂ ಮಲಗಿಲ್ಲ. ನನ್ನ ಹಳೇ ಬಾಲ್ ಹುಡುಕಿ ತೆಗೆದು, ಹಾಲ್‌ನಲ್ಲಿ ಗೋಡೆಗೆ ಎತ್ತಿ ಎತ್ತಿ ಹಾಕುತ್ತಿದ್ದಾಳೆ, ಒಂದೂ ಹೊಡೆಯದೆ.