ಕೆರೆ ತುಂಬ ಮೀನಿತ್ತು, ಗಾಳಕ್ಕೆ ಮಾತ್ರ ಸಿಗಲಿಲ್ಲ

ಬೆಂಗಳೂರಿನಲ್ಲಿ ಕೂತು ಮೀನು ಎಣಿಸುವುದು ನನ್ನ ಕೆಲಸ ಎಂದರೆ ಜನ ನಗುತ್ತಾರೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ ಈಗ ಸುಮ್ನೆ "ಲ್ಯಾಬ್ ಕೆಲಸ" ಎಂದು ಹೇಳಿ ಊಟದ ಎಲೆ ಕಡೆ ನೋಡುತ್ತೇನೆ. ಮೀನುಗಾರಿಕೆ ಓದಿದವಳು ನಾನು. ಹೆಬ್ಬಾಳದ ಹತ್ತಿರ ನಾಲ್ಕು ಜನರ ಚಿಕ್ಕ ಆಫೀಸು. ಕೆರೆ, ಕೃಷಿ ಹೊಂಡ, ದೊಡ್ಡ ಕಂಪನಿಗಳ ಅಂಗಳದ ಕೊಳ, ಯಾವುದಾದರೂ ಸರಿ. ನೀರು ನೋಡಿ, ಮೀನು ನೋಡಿ, ವರದಿ ಬರೆದುಕೊಡುತ್ತೇವೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಯಲಹಂಕದಿಂದ ಆಚೆ ಹದಿನೆಂಟು ಎಕರೆಯ ಒಂದು ಕೆರೆಗೆ ಹೋಗಿದ್ದೆ. ಕೆರೆಯ ಹೆಸರು ಬೇಡ. ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಟೆಂಡರ್‌ನಲ್ಲಿ ಪಡೆದಿದ್ದ ಕಾಂಟ್ರಾಕ್ಟರ್ ಒಬ್ಬರು ನಮ್ಮನ್ನು ಕರೆಸಿದ್ದರು. ಅವರ ಲೆಕ್ಕ ಚೆನ್ನಾಗಿತ್ತು. ಬಲೆ ಹಾಕಿ ಮಾರಿದರೆ ಕೆಜಿ ಲೆಕ್ಕದ ದುಡ್ಡು, ಒಂದು ಮೀನು ಒಂದೇ ಸಲ ಮಾರಾಟ. ಅದೇ ಕೆರೆಗೆ ಶನಿವಾರ, ಭಾನುವಾರ ಗಾಳ ಹಾಕುವ ಹುಡುಗರನ್ನು ಕರೆದು ತಲೆಗಿಷ್ಟು ಎಂದು ತೆಗೆದುಕೊಂಡರೆ? ಹಿಡಿದದ್ದನ್ನು ಫೋಟೋ ತೆಗೆಸಿಕೊಂಡು ವಾಪಸ್ ನೀರಿಗೆ ಬಿಡಬೇಕು. ಒಂದೇ ಮೀನು ಹತ್ತು ಸಲ ದುಡಿಯುತ್ತದೆ.

"ಮೇಡಂ, ಕೆರೇಲಿ ಎಷ್ಟು ಮೀನಿದೆ ಅಂತ ಒಂದು ನಂಬರ್ ಕೊಡಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು.

ನಾನು ನಂಬರ್ ಕೊಟ್ಟೆ. 40,000.

ಆ ನಂಬರ್ ಹೇಗೆ ಬಂತು ಎಂದು ಹೇಳಬೇಕು. ಒಂದು ಮೂಟೆ ಅವರೆಕಾಳು ಇದೆ ಎಂದುಕೊಳ್ಳಿ. ಒಂದೊಂದೇ ಎಣಿಸುವ ತಾಳ್ಮೆ ಯಾರಿಗೂ ಇಲ್ಲ. 400 ಕಾಳು ತೆಗೆದು ಬಣ್ಣ ಹಚ್ಚಿ ಮೂಟೆಗೇ ಹಾಕಿ ಚೆನ್ನಾಗಿ ಕಲಸುತ್ತೀರಿ. ಆಮೇಲೆ ಕೈ ಹಾಕಿ 500 ಕಾಳು ತೆಗೆಯುತ್ತೀರಿ. ಅದರಲ್ಲಿ ಬಣ್ಣದ್ದು 5 ಸಿಕ್ಕಿತು. ಅಂದರೆ ನೂರಕ್ಕೆ ಒಂದು ಬಣ್ಣದ್ದು. ಬಣ್ಣ ಹಚ್ಚಿದ್ದು ಒಟ್ಟು 400, ಹಾಗಾಗಿ ಮೂಟೆಯಲ್ಲಿ 40,000 ಕಾಳು. ಮೀನಿಗೆ ಬಣ್ಣದ ಬದಲು ಬಾಲದ ತುದಿಯನ್ನು ಕತ್ತರಿಯಲ್ಲಿ ಚೂರು ಕತ್ತರಿಸುತ್ತೇವೆ. ಒಂದು ವಾರ ಬಿಟ್ಟು ಮತ್ತೆ ಬಲೆ ಹಾಕುತ್ತೇವೆ. ಹಳೆಯ ವಿಧಾನ, ಒಳ್ಳೆಯ ವಿಧಾನ. ಕಾಳು ಸಾಯುವುದಿಲ್ಲ, ಮೀನು ಸಾಯುತ್ತದೆ ಎನ್ನುವುದೊಂದೇ ವ್ಯತ್ಯಾಸ.

ಮೊದಲ ದಿನ ಫೆಬ್ರವರಿಯ ಒಂದು ಬೆಳಗ್ಗೆ. ಆರೂವರೆಗೆಲ್ಲ ಬಲೆಯವರು ಬಂದಿದ್ದರು. ಕೆರೆಯ ಒಂದು ಮೂಲೆಯಲ್ಲಿ, ಸಂಸ್ಕರಿಸಿದ ನೀರು ಕಲ್ಲಿನ ಮೆಟ್ಟಿಲುಗಳ ಮೇಲಿಂದ ಬಿದ್ದು ಒಳಗೆ ಬರುವ ಕಡೆ, ಮೀನು ಕಿಕ್ಕಿರಿದಿತ್ತು. ನೀರಿನ ಮೇಲೆ ಬರೀ ಬಾಯಿಗಳು. ಎರಡೇ ಸಲ ಎಳೆ ಬಲೆ ಎಳೆದೆವು, ಟಬ್‌ಗಳು ತುಂಬಿದವು. ಬಹುಪಾಲು ಜಿಲೇಬಿ. ತಿಲಾಪಿಯಾಗೆ ನಮ್ಮ ಕಡೆ ಯಾರು ಆ ಹೆಸರಿಟ್ಟರೋ, ತಿನ್ನುವ ಜಿಲೇಬಿಗೂ ಅದಕ್ಕೂ ಯಾವ ಸಂಬಂಧವೂ ಕಾಣುವುದಿಲ್ಲ. ಮಧ್ಯೆ ಮಧ್ಯೆ ರೋಹು, ಕಟ್ಲಾ. ಕಾಂಟ್ರಾಕ್ಟರ್ ಏರಿ ಮೇಲೆ ನಿಂತು ವೀಡಿಯೋ ಮಾಡುತ್ತಿದ್ದರು. ನಾನೂ ಖುಷಿಯಲ್ಲಿದ್ದೆ. ಬಾಲ ಕತ್ತರಿಸಿ, ಎಣಿಸಿ, ಬಿಡುವುದರಲ್ಲಿ ಹತ್ತು ಗಂಟೆಯಾಯಿತು.

ಟಬ್ ಖಾಲಿ ಮಾಡುವಾಗ ತಳದಲ್ಲಿ ಹಳದಿ ಬಣ್ಣದ ಸಣ್ಣ ಕಾಳುಗಳು ಕಂಡವು. ಸಾಸಿವೆಗಿಂತ ಚೂರು ದಪ್ಪ. ಯಾರೋ ಮೀನಿಗೆ ಮೇವು ಎರಚಿರಬೇಕು ಎಂದುಕೊಂಡು ಟಬ್ ತೊಳೆಸಿದೆ. ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ.

ಆಕ್ಸಿಜನ್ ಅಳೆಯುವ ಮೀಟರ್ ಅವತ್ತು ಇನ್ನೊಂದು ಕೆಲಸಕ್ಕೆ ಹೋಗಿತ್ತು. ಅದು ಬಂದಿದ್ದು ಮಧ್ಯಾಹ್ನ ಮೂರಕ್ಕೆ. ಅಳೆದೆ, ಲೀಟರಿಗೆ 11 ಮಿಲಿಗ್ರಾಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನು ಬದುಕುವ ನೀರಿಗೆ ಇಟ್ಟಿರುವ ಮಿತಿ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ನಮ್ಮದು ಅದರ ಎರಡೂಮುಕ್ಕಾಲು ಪಟ್ಟು. "ನೀರು ಉತ್ತಮ, ಮೀನು ಹೇರಳ, ಗಾಳದ ಚಟುವಟಿಕೆಗೆ ಸೂಕ್ತ" ಎಂದು ವರದಿ ಬರೆದು, ಒಂದು ವಾರದ ನಂತರದ ಎಣಿಕೆಯನ್ನೂ ಸೇರಿಸಿ ಕಳಿಸಿದೆ.

ಅವರು ನನ್ನ ನಂಬರನ್ನು ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿದರು. "ಕೆರೆಯಲ್ಲಿ 40,000 ಮೀನು! ಬನ್ನಿ, ಗಾಳ ಹಾಕಿ!" ಪಕ್ಕದಲ್ಲಿ ಇಂಟರ್ನೆಟ್‌ನಿಂದ ತೆಗೆದ ಯಾವುದೋ ದೇಶದ ಮೀನಿನ ಚಿತ್ರ.

ಮಾರ್ಚ್ ಮೊದಲ ಭಾನುವಾರ ಇಪ್ಪತ್ತು ಜನ ಬಂದರು. ಸಂಜೆ ನನಗೆ ಫೋನ್. "ಮೇಡಂ, ಬೆಂಡು ಅಲುಗಾಡೋದು ನಿಲ್ಲಲ್ವಂತೆ. ಎತ್ತಿದ್ರೆ ಗಾಳ ಖಾಲಿ. ಇಲ್ಲಾಂದ್ರೆ ಅಂಗೈ ಉದ್ದದ ಜಿಲೇಬಿ. ಕಾಸು ವಾಪಸ್ ಕೇಳ್ತಾವ್ರೆ." ಮುಂದಿನ ಭಾನುವಾರ ಎಂಟೇ ಜನ. ಅದರ ಮುಂದಿನ ವಾರ ಯಾರೂ ಇಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಇವರಿಗೆ ಗಾಳ ಹಾಕಲು ಬರುವುದಿಲ್ಲ, ನನ್ನ ಲೆಕ್ಕಕ್ಕೇನಾಗಿದೆ ಎಂದುಕೊಂಡೆ. ನಮ್ಮ ಆಫೀಸಿನ ಹಿರಿಯರು ನನ್ನ ಹಾಳೆಗಳನ್ನು ತರಿಸಿ ನೋಡಿದರು. ಬೈಯಲಿಲ್ಲ. "ಉದ್ದದ ಕಾಲಂ ಎಲ್ಲಿ?" ಎಂದರು. ನಾನು ಎಣಿಸಿದ್ದೆ, ಅಳೆದಿರಲಿಲ್ಲ. ಆಮೇಲೆ ಸಮಯದ ಕಾಲಂ ಮೇಲೆ ಬೆರಳಿಟ್ಟು, "ಮೀನಿಗೆ ಬೆಳಗ್ಗೆ ಆರೂವರೆ, ಆಕ್ಸಿಜನ್‌ಗೆ ಮಧ್ಯಾಹ್ನ ಮೂರು. ಎರಡೂ ಒಂದೇ ಕೆರೆ ಅಂತ ಯಾರು ಹೇಳಿದ್ದು?" ಎಂದರು.

ಏಪ್ರಿಲ್‌ನಲ್ಲಿ ಆಫೀಸಿನ ಖರ್ಚಿನಲ್ಲೇ ಮತ್ತೆ ಹೋದೆವು. ಈ ಸಲ ಐದೂವರೆಗೇ ನೀರಿಗೆ ಮೀಟರ್ ಇಳಿಸಿದೆ. 1.8.

ಹಸಿರು ಜಾಸ್ತಿಯಾದ ಕೆರೆಯ ಸ್ವಭಾವವೇ ಅದು. ಹಗಲು ಬಿಸಿಲಿನಲ್ಲಿ ಪಾಚಿ ಆಕ್ಸಿಜನ್ ಮಾಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೆಸರು ಎಲ್ಲ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಸೂರ್ಯ ಹುಟ್ಟುವ ಮುಂಚೆ ಪಾತಾಳಕ್ಕೆ ಇಳಿದಿರುತ್ತದೆ. ನಿಜ ಹೇಳಬೇಕೆಂದರೆ ಮಧ್ಯಾಹ್ನದ ಆ 11 ನೋಡಿದಾಗಲೇ ನಾನು ಗಾಬರಿಯಾಗಬೇಕಿತ್ತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ 25 ಡಿಗ್ರಿ ನೀರಿನಲ್ಲಿ ಗಾಳಿಯಿಂದ ತಾನಾಗಿ ಕರಗುವ ಆಕ್ಸಿಜನ್ ಏಳೂವರೆಯ ಆಸುಪಾಸು. 11 ಬಂದಿದೆ ಎಂದರೆ ಪಾಚಿ ಮಿತಿ ಮೀರಿದೆ ಎಂದು ಅರ್ಥ. ಅಷ್ಟು ಪಾಚಿ ಹಗಲು ಕೊಟ್ಟದ್ದನ್ನು ರಾತ್ರಿ ಕಿತ್ತುಕೊಳ್ಳುತ್ತದೆ. ನಾನು ಅದಕ್ಕೆ "ಉತ್ತಮ" ಎಂದು ಬರೆದಿದ್ದೆ!

ಫೆಬ್ರವರಿಯಲ್ಲಿ ಆ ಮೂಲೆಯಲ್ಲಿ ಮೀನು ಕಿಕ್ಕಿರಿದದ್ದು ಯಾಕೆಂದು ಆಗ ಹೊಳೆಯಿತು. ಬೀಳುವ ನೀರಿನಲ್ಲಿ ಗಾಳಿ ಬೆರೆತಿರುತ್ತದೆ. ಉಸಿರಿಗಾಗಿ ಕೆರೆಯ ಅಷ್ಟೂ ಕಡೆಯಿಂದ ಮೀನು ಅಲ್ಲಿಗೆ ಬಂದು ಬಾಯಿ ತೆರೆದು ನಿಂತಿತ್ತು. ನಾವು ಹೋಗಿ ಬಲೆ ಎಳೆದೆವು. ಮೊದಲೇ ಏದುಸಿರು ಬಿಡುತ್ತಿದ್ದ ಮೀನನ್ನು ಟಬ್‌ನಲ್ಲಿ ತುಂಬಿ, ಬಾಲ ಕತ್ತರಿಸಿ, ಬಿಸಿಲೇರಿದ ಮೇಲೆ ಬಿಟ್ಟೆವು. ಎಷ್ಟು ಬದುಕಿರಬಹುದು? ಈ ಸಲ 50 ಜಿಲೇಬಿಗೆ ಹಾಗೆಯೇ ಬಾಲ ಕತ್ತರಿಸಿ, ನೀರಲ್ಲೇ ಕಟ್ಟಿದ ಹಾಪಾ ಬಲೆಯೊಳಗೆ ಒಂದು ರಾತ್ರಿ ಇಟ್ಟೆ. ಬೆಳಗ್ಗೆ 23 ಸತ್ತಿದ್ದವು. ಫೆಬ್ರವರಿಯ 400ರಲ್ಲೂ ಹತ್ತಿರತ್ತಿರ ಅರ್ಧ ಸತ್ತಿದ್ದರೆ, ಎರಡನೇ ಬಲೆಗೆ ಬಾಲ ಕತ್ತರಿಸಿದ ಮೀನು ಕಡಿಮೆ ಸಿಕ್ಕಿದ್ದು ಕೆರೆ ದೊಡ್ಡದೆಂದಲ್ಲ, ಗುರುತಿನ ಮೀನೇ ಸತ್ತಿತ್ತು ಎಂದು. 40,000 ಇದ್ದದ್ದು 20,000ಕ್ಕೆ ಇಳಿಯಿತು. ಅದರ ಮೇಲೆ ಎರಡು ಸಲವೂ ಒಂದೇ ಮೂಲೆಯಲ್ಲಿ ಬಲೆ ಎಳೆದಿದ್ದೆ. ಬಿಟ್ಟ ಜಾಗದಲ್ಲೇ ಗುರುತಿನ ಮೀನು ಹೆಚ್ಚು ಸಿಗುತ್ತದೆ, ಹಾಗಾಗಿ ಅದು ಲೆಕ್ಕವನ್ನು ಇನ್ನೊಂದು ಕಡೆಗೆ, ಕಡಿಮೆಯ ಕಡೆಗೆ, ಎಳೆಯುವ ತಪ್ಪು. ಎರಡು ತಪ್ಪು ಒಂದಕ್ಕೊಂದು ವಜಾ ಆಗಿ ಸರಿಯಾಗುತ್ತದೆ ಎಂದು ನಂಬಲು ಇದೇನು ಅಂಗಡಿಯ ಉದ್ರಿ ಪುಸ್ತಕವಲ್ಲ.

ಆದರೆ ನಂಬರಿಗಿಂತ ದೊಡ್ಡ ವಿಷಯ ಟಬ್‌ನ ತಳದಲ್ಲಿತ್ತು. ಈ ಸಲವೂ ಹಳದಿ ಕಾಳು ಕಂಡವು. ಒಂದು ಜಿಲೇಬಿ ಹಿಡಿದು ಮೆಲ್ಲಗೆ ಬಾಯಿ ತೆರೆದೆ. ಒಳಗೆ ಮೊಟ್ಟೆ. ಆ ಮೀನಿನ ಉದ್ದ ಒಂಬತ್ತೂವರೆ ಸೆಂಟಿಮೀಟರ್.

ಹೆಣ್ಣು ಜಿಲೇಬಿ ಮೊಟ್ಟೆಯನ್ನು ಬಾಯಲ್ಲಿಟ್ಟು ಮರಿ ಮಾಡುತ್ತದೆ. ಇದು ಪಾಠದಲ್ಲಿ ಓದಿದ್ದೇ. ಗಾಬರಿಯಾದಾಗ ಉಗುಳಿಬಿಡುತ್ತದೆ. ನಾನು ಮೇವು ಎಂದು ತೊಳೆಸಿದ್ದು ಅದನ್ನೇ. ಮೀನು ದಟ್ಟವಾದ ನೀರಿನಲ್ಲಿ ಜಿಲೇಬಿ ಬೆಳೆಯುವುದನ್ನು ಬಿಟ್ಟು, ಅಂಗೈ ಉದ್ದಕ್ಕೇ ಬಸಿರಾಗಲು ಶುರು ಮಾಡುತ್ತದೆ. ಮರಿಗಳ ಮೇಲೆ ಮರಿ. ಎಲ್ಲವೂ ಕುಳ್ಳು. ಅವತ್ತು 300 ಜಿಲೇಬಿ ಅಳೆದೆ, ಮುಕ್ಕಾಲು ಪಾಲು ಒಂಬತ್ತರಿಂದ ಹನ್ನೆರಡು ಸೆಂಟಿಮೀಟರ್. ಕೆಜಿಗೆ ಐವತ್ತು ಬರುವಂಥವು.

ಈ ಮೀನು ನಮ್ಮದಲ್ಲ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದರು. ಬೆಂಗಳೂರಿನ ಕೆರೆಗಳಲ್ಲಿ ಇದು ಹೀಗೆ ಕೂತುಬಿಡಲು ಇನ್ನೊಂದು ಕಾರಣ ಇದೆ ಎಂದು ನನಗೆ ಅನಿಸುತ್ತದೆ. ನಮ್ಮ ಕೆರೆಗಳನ್ನು ಕಟ್ಟಿದ್ದು ಮಳೆ ನೀರು ಹಿಡಿದು ಗದ್ದೆಗೆ ಬಿಡಲು. ಬೇಸಿಗೆಯಲ್ಲಿ ಎಷ್ಟೋ ಕೆರೆ ಬತ್ತುತ್ತಿದ್ದವು. ಊರಿಗೆ ಊರೇ ಇಳಿದು ಕೆಸರಿನಲ್ಲಿ ಮೀನು ಬಾಚುತ್ತಿತ್ತು. ಮಳೆ ಬಂದ ಮೇಲೆ ಕೆರೆ ಹೊಸದಾಗಿ ಶುರು. ಈಗ ಊರಿನ ಬಚ್ಚಲು ನೀರು ವರ್ಷವಿಡೀ ಬರುತ್ತದೆ, ಸಂಸ್ಕರಿಸಿಯೋ, ಹಾಗೆಯೋ. ಕೆರೆ ಬತ್ತುವುದೇ ಇಲ್ಲ. ಜಿಲೇಬಿಗೆ ಇನ್ನೇನು ಬೇಕು?

ಗಾಳ ಹಾಕುವವರಿಗೆ ಬೇಕಾದ ರೋಹು, ಕಟ್ಲಾ, ಮೃಗಾಲ್ ಕತೆ ಇದಕ್ಕೆ ಪೂರಾ ಉಲ್ಟಾ. ಅವು ಗಂಗೆಯ ಕಡೆಯ ಹೊಳೆ ಮೀನುಗಳು. ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಕೆರೆ ಕೆರೆಗೂ ಮರಿ ಹಂಚುವುದು ಸಾಧ್ಯವಾಗಿದ್ದು. ಅದಕ್ಕೇ ಆ ದಿನವನ್ನು ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಅಂದರೆ ಕೆರೆಯಲ್ಲಿ ರೋಹು ಎಷ್ಟಿದೆ ಎಂದು ತಿಳಿಯಲು ಮೊದಲು ಕೇಳಬೇಕಾದ್ದು, ಯಾವಾಗ ಎಷ್ಟು ಮರಿ ಬಿಟ್ಟಿರಿ ಎಂದು. ಏಪ್ರಿಲ್‌ನಲ್ಲಿ ನಮಗೆ ಸಿಕ್ಕಿದ್ದು 11 ರೋಹು. ಎಲ್ಲವೂ ನಲವತ್ತು ಸೆಂಟಿಮೀಟರ್ ಆಸುಪಾಸು, ಒಂದೇ ಅಚ್ಚಿನಲ್ಲಿ ಹೊಯ್ದಂತೆ. ಒಂದೂ ಚಿಕ್ಕದಿಲ್ಲ. ಕಾಂಟ್ರಾಕ್ಟರ್ ಅವರನ್ನು ಕೇಳಿದೆ. ತಲೆ ಕೆರೆದುಕೊಂಡರು. "ಎರಡು ವರ್ಷದ ಹಿಂದೆ ಒಂದ್ಸಲ ಬಿಟ್ಟಿದ್ದೆ ಮೇಡಂ. ಆಮೇಲೆ ಕೆರೆ ತುಂಬ ಮೀನು ಕಾಣ್ತಿತ್ತಲ್ಲ, ಯಾಕೆ ಅಂತ ಬಿಟ್ಟೆ."

ಆ 11 ರೋಹು ಗಾಳಕ್ಕೆ ಯಾಕೆ ಬೀಳಲಿಲ್ಲ? ನಾನೇ ಒಂದು ಮಧ್ಯಾಹ್ನ ಕೋಲು ಹಿಡಿದು ಕೂತೆ. ಎರೆಹುಳು ಇಳಿಸಿದ ಅರೆ ನಿಮಿಷಕ್ಕೆ ಬೆಂಡು ಕುಣಿಯಲು ಶುರು. ಎಲ್ಲ ಜಿಲೇಬಿ. ಗಾಳ ನುಂಗುವಷ್ಟು ಬಾಯಿಲ್ಲ, ಸುತ್ತ ಕಚ್ಚಿ ಕಚ್ಚಿ ಹುಳು ಖಾಲಿ ಮಾಡುತ್ತವೆ. ಕಡಲೆ ಹಿಂಡಿ, ರಾಗಿ ಮುದ್ದೆ ಉಂಡೆಯನ್ನು ಗಟ್ಟಿಯಾಗಿ ಕಟ್ಟಿ ತಳಕ್ಕೆ ಇಳಿಸಿದೆ. ಅದು ಇನ್ನೂ ಒಂದು ಐದು ನಿಮಿಷ ತಡೆಯಿತು, ಅಷ್ಟೆ. ರೋಹು ನಿಧಾನದ ಪ್ರಾಣಿ. ಅದು ಬಂದು ಮೂಸುವ ಹೊತ್ತಿಗೆ ಊಟ ಮುಗಿದಿರುತ್ತದೆ. ಕಟ್ಲಾವಂತೂ ನೀರಿನ ಮೇಲ್ಭಾಗದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು. ತಳದ ಎರೆಹುಳುವಿನ ಹತ್ತಿರಕ್ಕೂ ಬರುವುದಿಲ್ಲ.

ಹೊಸ ವರದಿಯ ಮೊದಲ ಪುಟದಲ್ಲಿ ಒಟ್ಟು ಮೀನಿನ ನಂಬರ್ ಹಾಕಲಿಲ್ಲ. ಯಾವ ಮೀನು, ಯಾವ ಉದ್ದದ್ದು ಎಷ್ಟು ಎಂಬ ಪಟ್ಟಿ ಹಾಕಿದೆ. ಅದರ ಕೆಳಗೆ ನಸುಕಿನ ಆಕ್ಸಿಜನ್. ಗಾಳದ ಆಟಕ್ಕೆ ಈ ವರ್ಷ ಈ ಕೆರೆ ಬೇಡ ಎಂದು ನೇರವಾಗಿ ಬರೆದೆ. ಮೊದಲ ಮಳೆ ಬರುವ ಮುಂಚೆ ಜಿಲೇಬಿಯನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸಾಧ್ಯವಾದಷ್ಟು ತೆಗೆಯಲು ಹೇಳಿದೆ. ಬೇಸಿಗೆಯ ಮೊದಲ ಜೋರು ಮಳೆಗೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳಕೆಲ್ಲ ಒಂದೇ ಸಲ ಕೆರೆಗೆ ಬರುತ್ತದೆ. 1.8ರಲ್ಲಿ ಉಸಿರಾಡುತ್ತಿರುವ ಕೆರೆ ಅದನ್ನು ತಡೆದುಕೊಳ್ಳುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನು ಸತ್ತು ಬಿದ್ದ ಚಿತ್ರಗಳು ನಿಮಗೂ ನೆನಪಿರಬೇಕು ಅಲ್ವಾ? ಆ ವಾಸನೆ ಮಾತ್ರ ಚಿತ್ರದಲ್ಲಿ ಬರುವುದಿಲ್ಲ.

ಜಿಲೇಬಿ ತಿನ್ನಲಿ ಎಂದು ಆಫ್ರಿಕನ್ ಕ್ಯಾಟ್‌ಫಿಶ್ ಬಿಡೋಣವೇ ಎಂದು ಕಾಂಟ್ರಾಕ್ಟರ್ ಕೇಳಿದರು. ಬೇಡವೇ ಬೇಡ ಎಂದೆ. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ, ಮೇಲಾಗಿ ಅದು ಜಿಲೇಬಿ ಮುಗಿಸಿ ಸುಮ್ಮನೆ ಕೂರುವ ಜಾತಿಯೂ ಅಲ್ಲ. ನಮ್ಮದೇ ಕೊರಮೀನು ಬಿಡಬಹುದು. ಅದು ಗಾಳಿಯನ್ನೂ ಉಸಿರಾಡುತ್ತದೆ, ಸಣ್ಣ ಮೀನು ಹಿಡಿದು ತಿನ್ನುತ್ತದೆ, ಗಾಳ ಹಾಕುವವರಿಗೂ ಅದೆಂದರೆ ಪ್ರಾಣ. ರೋಹು, ಮೃಗಾಲ್ ಮರಿಗಳನ್ನು ಆಗಸ್ಟ್‌ನಲ್ಲಿ ಬಿಡಿ, ಆದರೆ ಬೆರಳುದ್ದಕ್ಕಿಂತ ದೊಡ್ಡದನ್ನೇ ತನ್ನಿ ಎಂದೆ. ದುಡ್ಡು ಜಾಸ್ತಿಯಾಗುತ್ತದೆ ಎಂದು ಗೊಣಗಿದರು. ಅಗ್ಗದ ಸಣ್ಣ ಮರಿ ಬಿಟ್ಟರೆ ಕೊರಮೀನಿಗೆ ಊಟ ಹಾಕಿದಂತೆ ಎಂದ ಮೇಲೆ ಒಪ್ಪಿದರು.

ಆ ಸಲ ಮೇ ತಿಂಗಳಲ್ಲಿ ಎರಡು ವಾರ ಜಿಲೇಬಿ ತೆಗೆದರು. ಒಣಮೀನಿಗೆ, ಕೋಳಿ ಮೇವಿಗೆ ಹೋಯಿತು. ಮರಿ ಬಿಟ್ಟು ಈಗ ಒಂದು ವರ್ಷ ದಾಟಿದೆ. ನಾನು ಈಗ ಎಲ್ಲಿ ಹೋದರೂ ಬಿಳಿ ಟಬ್ ಒಯ್ಯುತ್ತೇನೆ, ತಳದಲ್ಲಿ ಏನಿದ್ದರೂ ಕಾಣಬೇಕು. ಕಳೆದ ಬಾರಿ ಹೋದಾಗ ನಸುಕಿನ ಆಕ್ಸಿಜನ್ 3.4 ಇತ್ತು. ಇನ್ನೂ ಸಾಲದು. ರೋಹುವಿನಲ್ಲಿ ಎರಡು ಅಳತೆಯವು ಸಿಕ್ಕವು, ಹಳೆಯವು ಮತ್ತು ಹೊಸವು. ಗಾಳದ ಹುಡುಗರನ್ನು ಕರೆಯಬಹುದಾ ಎಂದು ಕಾಂಟ್ರಾಕ್ಟರ್ ಕೇಳಿದರು. ಐದಾರು ಜನರಿಂದ ಶುರು ಮಾಡಿ, ರೋಹು ಸಿಕ್ಕರೆ ವಾಪಸ್ ಬಿಡಿಸಿ, ಜಿಲೇಬಿ ಸಿಕ್ಕರೆ ಒಂದನ್ನೂ ಬಿಡಿಸಬೇಡಿ ಎಂದೆ.

ಹೊರಡುವಾಗ ಶೆಡ್ ಕಡೆ ಕಣ್ಣು ಹೋಯಿತು. ಮೇವಿನ ಮೂಟೆಗಳ ಮೇಲೆ ಮಳೆ ಬೀಳದಂತೆ ಹಳೆಯ ಫ್ಲೆಕ್ಸ್ ಹೊದಿಸಿದ್ದಾರೆ. ನನ್ನ 40,000 ಇರುವ ಕಡೆಯೇ ಮೇಲೆ.