ಕೈಲಾಗುತ್ತೆ ಅಂದ್ರೆ

ನಿನ್ನೆ ಶಿಡ್ಲಘಟ್ಟದ ಅತ್ತೆ ಮನೆಗೆ ಹೋಗಿದ್ದೆ. ರೇಷ್ಮೆಗೂಡಿನಿಂದ ನೂಲು ಬಿಚ್ಚಾಣಿಕೆಯಲ್ಲಿ ಅವರ ಕೈ ಪಳಗಿದೆ. ಬಿಸಿನೀರಿನಲ್ಲಿ ಬೆಂದ ಗೂಡುಗಳ ನಡುವೆ ಬೆರಳಾಡಿಸುತ್ತಾರೆ, ಕಣ್ಣಿಗೇ ಕಾಣದಂಥ ಎಳೆಯ ತುದಿ ಹಿಡಿಯುತ್ತಾರೆ, ನಾಲ್ಕಾರು ಎಳೆ ಸೇರಿಸಿ ರಾಟೆಗೆ ಕೊಡುತ್ತಾರೆ. ಎಷ್ಟು ಹೊತ್ತು ನೋಡಿದರೂ ಸಾಲದು. "ಇನ್ನೂ ಎಷ್ಟು ವರ್ಷ ಅತ್ತೆ?" ಅಂದೆ. "ಕೈಲಾಗೋವರೆಗೂ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಆ ಮಾತೇ ತಲೆಯಲ್ಲಿತ್ತು. ಇಂಗ್ಲಿಷಿನ 'ಏಬಲ್' ಪದವನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ ಅಲ್ವಾ? ಅದರ ಬೇರು ಲ್ಯಾಟಿನ್ನಿನ 'ಹ್ಯಾಬಿಲಿಸ್'. ಸುಲಭವಾಗಿ ಹಿಡಿಯಬಹುದಾದದ್ದು, ಕೈಗೆ ಒಗ್ಗುವಂಥದ್ದು ಅಂತ ಅರ್ಥ. ಹಿಡಿ, ಇಟ್ಟುಕೋ ಅನ್ನುವ ಕ್ರಿಯಾಪದದಿಂದ ಹುಟ್ಟಿದ್ದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಕಲ್ಲಿನ ಆಯುಧ ಮಾಡುತ್ತಿದ್ದ ಆದಿಮಾನವನಿಗೆ 1964ರಲ್ಲಿ 'ಹೋಮೋ ಹ್ಯಾಬಿಲಿಸ್' ಅಂತ ಹೆಸರಿಟ್ಟಿದ್ದೂ ಇದೇ ಪದದಿಂದ. 'ಕೇಪಬಲ್' ಕೂಡ ಹಿಡಿ, ತೆಗೆದುಕೋ ಅನ್ನುವ ಇನ್ನೊಂದು ಲ್ಯಾಟಿನ್ ಪದದಿಂದಲೇ ಬಂದಿದೆ.

ಎಲ್ಲಿಯ ರೋಮ್, ಎಲ್ಲಿಯ ಶಿಡ್ಲಘಟ್ಟ! ಎರಡು ಕಡೆಯೂ ಆಗುವುದು, ಆಗದಿರುವುದು ಕೈಯಿಂದಲೇ ಶುರು. 'ಸಾಮರ್ಥ್ಯ' ಅನ್ನುವುದಕ್ಕಿಂತ 'ಕೈಲಾಗುತ್ತೆ' ನನಗೆ ಜಾಸ್ತಿ ಇಷ್ಟ. ಅದರಲ್ಲಿ ಅತ್ತೆಯ ಬೆರಳು ಕಾಣುತ್ತದೆ. ಬಿಸಿನೀರಿಗೆ ಸುಕ್ಕಾಗಿ, ತುದಿಯಲ್ಲಿ ಬೆಳ್ಳಗಾದ ಬೆರಳು.